ರೇಡಿಯೊಗ್ರಾಮ್‌ನ ಸ್ಪೀಕರ್ ಬಿಚ್ಚುವ ಮೊದಲು ಕಂಡೆನ್ಸರ್ ನೋಡಿ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂದಿತು. ತಾತನ ಕಾಲದ ರೇಡಿಯೊಗ್ರಾಮ್, ಅಂದರೆ ರೇಡಿಯೊ ಮತ್ತು ತಟ್ಟೆ ಎರಡೂ ಇರುವ, ಗಾಜಿನ ವಾಲ್ವ್‌ಗಳಿಂದ ನಡೆಯುವ ಪೆಟ್ಟಿಗೆ, ಎರಡೂ ಸ್ಪೀಕರ್ ಗೊರಗೊರ ಅನ್ನುತ್ತಿವೆ, ಮೈಸೂರಿನ ಅಂಗಡಿಯವರು ಹೊಸ 8 ಓಮ್ ಸ್ಪೀಕರ್ ಹಾಕಿಕೊಡುತ್ತೇವೆ ಅಂದಿದ್ದಾರೆ, ರಿಪೇರಿ ಮಾಡಿಸಲಾ ಬದಲಾಯಿಸಲಾ ಅಂತ ಕೇಳಿದ್ದೀರಿ. 2014ರಲ್ಲಿ ನನಗೂ ಒಬ್ಬರು ಇದನ್ನೇ ಹೇಳಿದ್ದರು. ನಾನು ಹೂಂ ಅಂದುಬಿಟ್ಟೆ.

ನಮ್ಮದು ಮಂಡ್ಯ. ತಾತ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಒಂದು ವರ್ಷ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದಾಗ ಮೈಸೂರಿನಿಂದ ರೇಡಿಯೊಗ್ರಾಮ್ ತಂದರಂತೆ. ಮೇಲಿನ ಮುಚ್ಚಳ ಎತ್ತಿದರೆ ತಟ್ಟೆ ತಿರುಗುವ ಜಾಗ, ಮುಂದೆ ಗಾಜಿನ ಡಯಲ್ಲು, ಕೆಳಗೆ ಬಟ್ಟೆ ಹೊದಿಸಿದ ಸ್ಪೀಕರ್. ಚೌಡಯ್ಯನವರ ಪಿಟೀಲಿನ ತಟ್ಟೆ ಹಾಕಿದರೆ ಬೀದಿಯವರು ಜಗಲಿ ಮೇಲೆ ಬಂದು ಕೂರುತ್ತಿದ್ದರು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ ಬರುತ್ತಿತ್ತು. ಡಯಲ್ ಮೇಲೆ ಇದ್ದದ್ದು ತರಂಗದ ಉದ್ದದ ಮೀಟರ್ ಲೆಕ್ಕ, ಅಂದರೆ 490ರ ಹತ್ತಿರ. ಅಪ್ಪ ಅಲ್ಲಿಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದಿದ್ದರು, ಈಗಲೂ ಇದೆ. ಆಕಾಶವಾಣಿ ಅನ್ನುವ ಹೆಸರೇ ಮೈಸೂರಿನದು ಅನ್ನೋದು ಅಪ್ಪನಿಗೆ ದೊಡ್ಡ ಹೆಮ್ಮೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ನಿಲಯ ಶುರು ಮಾಡಿದ್ದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಆ ಪೆಟ್ಟಿಗೆ ಗೊರಗೊರ ಅನ್ನೋಕೆ ಶುರುವಾಯಿತು. ಆನ್ ಮಾಡಿದ ಹತ್ತು ನಿಮಿಷ ಚೆನ್ನಾಗೇ ಇರುತ್ತಿತ್ತು. ಆಮೇಲೆ ಗಂಟಲು ಕಟ್ಟಿದವರ ದನಿ. ಈ ಹತ್ತು ನಿಮಿಷದ ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಅದನ್ನು ಗಮನಿಸಿದ್ದೆ, ಆದರೆ ಯಾರಿಗೂ ಹೇಳಲಿಲ್ಲ. ಅಂಗಡಿಯವರು ಹಿಂದಿನ ಹಲಗೆ ತೆಗೆದು, ಕಂದು ತಿರುಗಿದ ಕಾಗದದ ಕೋನ್ ನೋಡಿ, ‘ಕೋನ್ ಹೋಗಿದೆ ಸಾರ್’ ಅಂದರು. ಹಳೆಯದು 10 ಇಂಚು ಉದ್ದ, 6 ಇಂಚು ಅಗಲದ ಮೊಟ್ಟೆಯಾಕಾರದ ಸ್ಪೀಕರ್. ಹೊಸದು 8 ಇಂಚಿನ ದುಂಡನೆಯದು, ಅಂಚಿಗೆ ರಬ್ಬರ್. ಅದು ಕೂರಲಿಲ್ಲ. ಬಡಗಿಯನ್ನು ಕರೆಸಿ ಒಳಹಲಗೆ ಕೊರೆಸಿದೆ. ಹಳೇ ಸ್ಪೀಕರನ್ನು ಹಿತ್ತಲಲ್ಲಿದ್ದ ಕಬ್ಬಿಣದ ಜೊತೆ ಗುಜರಿಗೆ ಕೊಟ್ಟೆ, ಕೆ.ಜಿ. ಲೆಕ್ಕದಲ್ಲಿ.

ಸಂಜೆ ಆನ್ ಮಾಡಿದೆವು. ದನಿ ಮೊದಲಿನ ಅರ್ಧವೂ ಇಲ್ಲ. ಹತ್ತು ನಿಮಿಷ ಆಯಿತು. ಅದೇ ಗೊರಗೊರ. ಅಪ್ಪ ಏನೂ ಹೇಳದೆ ಎದ್ದು ಒಳಗೆ ಹೋದರು.

ಆಮೇಲೆ ನಮ್ಮೂರಿನಲ್ಲೇ ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರನ್ನು ಹುಡುಕಿ ಕರೆತಂದೆ. ಅವರು ಕೇಳಿದ ಮೊದಲ ಮಾತು: ‘ಸ್ಪೀಕರ್ ಯಾಕ್ ತೆಗೆಸ್ದೆ ಕಣಪ್ಪ? ಅದೇನ್ ಮಾಡಿತ್ತು?’

ಅವರು ಮಾಡಿದ್ದು ಇಷ್ಟೇ. ಸೆಟ್ ಬಿಸಿಯಾಗಲು ಬಿಟ್ಟರು. ಸ್ಪೀಕರ್‌ಗೆ ಶಕ್ತಿ ಕೊಡುವ ಕೊನೆಯ ವಾಲ್ವ್, ಅಂದರೆ ಔಟ್‌ಪುಟ್ ವಾಲ್ವ್, ಇಎಲ್ 84. ಅದರ 2ನೇ ಪಿನ್ ಗ್ರಿಡ್, ಹಾಡು ವಾಲ್ವ್ ಒಳಗೆ ಬರುವ ಬಾಗಿಲು. ಮೀಟರಿನ ಒಂದು ಕಡ್ಡಿ ಚಾಸಿಗೆ (ಎಲ್ಲ ಕೂರಿಸಿರುವ ಲೋಹದ ತಟ್ಟು), ಇನ್ನೊಂದು ಆ ಪಿನ್ನಿಗೆ. ಅಲ್ಲಿ ಸೊನ್ನೆ ಇರಬೇಕು. ಮೊದಲು ಒಂದು ವೋಲ್ಟ್ ತೋರಿಸಿತು. ನೋಡನೋಡುತ್ತಾ ಏರಿ 8ಕ್ಕೆ ಬಂತು. ಸೆಟ್ ಆಫ್ ಮಾಡಿ ಒಂದು ಚಿಕ್ಕ ಕಂಡೆನ್ಸರ್‌ನ ಒಂದು ಕಾಲು ಬಿಡಿಸಿ, ಮತ್ತೆ ಆನ್ ಮಾಡಿ ಅಳೆದರು. ಸೊನ್ನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಕಳೆದುಕೊಂಡದ್ದೆಲ್ಲ ಇದು ಗೊತ್ತಿಲ್ಲದ್ದಕ್ಕೆ. ಔಟ್‌ಪುಟ್ ವಾಲ್ವ್‌ಗೆ ಹಿಂದಿನ ವಾಲ್ವ್‌ನಿಂದ ಹಾಡು ಬರಬೇಕು, ಆದರೆ ಅಲ್ಲಿರುವ ನೂರು ವೋಲ್ಟ್ ಆಸುಪಾಸಿನ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು, ಬರಬಾರದು. ಆ ಎರಡರ ನಡುವೆ ಕಾವಲಿಗೆ ಕೂತಿರುವುದು .01 ಮೈಕ್ರೋಫ್ಯಾರಡ್‌ನ ಕಂಡೆನ್ಸರ್. ಆ ಕಾಲದ್ದು ಮೇಣದಲ್ಲಿ ಅದ್ದಿದ ಕಾಗದದ್ದು. ಐವತ್ತು ಮಳೆಗಾಲ ಕಂಡ ಕಾಗದ ತೇವ ಎಳೆದುಕೊಂಡಿರುತ್ತದೆ. ಡಿಸಿ ಸೋರುತ್ತದೆ. ಸೆಟ್ ಬಿಸಿಯಾದಂತೆ ಸೋರುವುದು ಇನ್ನೂ ಜಾಸ್ತಿ. ಗ್ರಿಡ್‌ಗೆ ಪ್ಲಸ್ ವೋಲ್ಟ್ ಸಿಕ್ಕರೆ ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ದನಿ ಒಡೆಯುತ್ತದೆ. ಹಾಗೇ ಬಿಟ್ಟರೆ ವಾಲ್ವ್ ಹೋಗುತ್ತದೆ, ವಾಲ್ವ್‌ಗೂ ಸ್ಪೀಕರ್‌ಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸ್ಪೀಕರ್ ತನಗೆ ಕೊಟ್ಟದ್ದನ್ನು ಕೂಗುತ್ತಿರುತ್ತದೆ ಅಷ್ಟೇ. ಅಂದರೆ ನಾನು ಸರಿಯಾಗಿದ್ದ ಸಾಮಾನನ್ನು ಗುಜರಿಗೆ ಹಾಕಿ, ಕೆಟ್ಟದ್ದನ್ನು ಹಾಗೇ ಉಳಿಸಿಕೊಂಡಿದ್ದೆ. ಬದಲಿಗೆ ಬೇಕಾದದ್ದು 630 ವೋಲ್ಟಿನ ಒಂದು ಫಿಲ್ಮ್ ಕಂಡೆನ್ಸರ್. ಒಂದು ಊಟದ ದುಡ್ಡೂ ಆಗುವುದಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರಿಪೇರಿಯಾ ಬದಲಾವಣೆಯಾ ಅನ್ನೋದು ಆಮೇಲಿನ ಮಾತು. ನಿಮ್ಮ ಸ್ಪೀಕರ್ ಕೆಟ್ಟಿದೆ ಅಂತ ಯಾರು ಹೇಳಿದರು? ಎರಡು ಸ್ಪೀಕರ್ ಒಂದೇ ದಿನ ಒಂದೇ ತರ ಕೆಡುವುದು ಬಲು ಅಪರೂಪ. ಎರಡೂ ಒಟ್ಟಿಗೆ ಗೊರಗೊರ ಅಂದರೆ ತಪ್ಪು ಅವೆರಡಕ್ಕೂ ಹಿಂದೆ ಇದೆ ಅಂತಲೇ ನಾನು ಹೇಳೋದು. ಆನ್ ಮಾಡಿದ ತಕ್ಷಣವೇ ಕರಕರ ಬರುತ್ತದಾ, ಬಿಸಿಯಾದ ಮೇಲೆ ಬರುತ್ತದಾ, ಗಮನಿಸಿ. ಕೋನ್ ಹರಿದಿದ್ದರೆ, ಕೋನ್ ಹಿಂದಿನ ತಂತಿ ಸುರುಳಿ, ಅಂದರೆ ಕಾಯಿಲ್, ಉಜ್ಜುತ್ತಿದ್ದರೆ, ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ ಒಂದೇ ತರ ಇರುತ್ತದೆ.

ಸ್ಪೀಕರನ್ನೇ ಪರೀಕ್ಷೆ ಮಾಡಬೇಕು ಅಂದರೆ ಸೆಟ್ ಆಫ್ ಮಾಡಿ ಅದರ ತಂತಿ ಬಿಡಿಸಿ. 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ‘ಥಪ್’ ಅನ್ನಬೇಕು. ಎರಡು ಹೆಬ್ಬೆರಳಿನಿಂದ ಕೋನನ್ನು ಸಮನಾಗಿ ಮೆಲ್ಲಗೆ ಒತ್ತಿ. ಸರಾಗವಾಗಿ ಹೋಗಿ ಬಂದರೆ ಅದು ಆರೋಗ್ಯವಾಗಿದೆ. ತಂತಿ ಬಿಡಿಸಿದ ಮೇಲೆ ಮಾತ್ರ ಸೆಟ್ ಆನ್ ಮಾಡಲೇಬೇಡಿ. ವಾಲ್ವ್ ಸೆಟ್‌ಗೆ ಸ್ಪೀಕರ್ ಅನ್ನುವ ಭಾರ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಎಗರಿ ಒಳಗೇ ಕಿಡಿ ಹಾರುತ್ತದೆ.

ಕೋನ್ ನಿಜಕ್ಕೂ ಹರಿದಿದ್ದರೂ ನನ್ನ ಮಾತು ರಿಪೇರಿಯೇ. ಫೆವಿಕಾಲ್‌ಗೆ ನೀರು ಬೆರೆಸಿ ತೆಳ್ಳಗೆ ಮಾಡಿ, ಟಿಶ್ಯೂ ಕಾಗದದ ಚೂರು ಅಂಟಿಸಿ. ಗಟ್ಟಿಯಾಗುವ ಅಂಟು ಬೇಡ, ಕೋನ್ ಸೆಟೆದುಕೊಳ್ಳುತ್ತದೆ. ಸೆಲ್ ತಾಗಿಸಿದರೂ ಸದ್ದೇ ಬರದಿದ್ದರೆ ಕಾಯಿಲ್ ಸುಟ್ಟಿದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಕೋನ್‌ಗೆ ಹೋಗುವ ಜಡೆಯಂಥ ತಂತಿ ತುದಿಯಲ್ಲಿ ತುಂಡಾಗಿರುತ್ತದೆ. ಒಂದು ಬೆಸುಗೆ ಸಾಕು.

ಆ 8 ಓಮ್ ಸ್ಪೀಕರ್ ಬಗ್ಗೆ. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ನಮ್ಮದು 3 ಓಮ್‌ನದು, ಮೀಟರಿನಲ್ಲಿ ಸುಮಾರು 2.5 ತೋರಿಸುವಂಥದ್ದು. ಟ್ರಾನ್ಸ್‌ಫಾರ್ಮರ್ ಸುತ್ತಿರುವುದು ಆ ಲೆಕ್ಕಕ್ಕೆ. ಅಲ್ಲಿಗೆ 8 ಓಮ್ ಹಾಕಿದರೆ ವಾಲ್ವ್‌ಗೆ ಎರಡೂವರೆ ಪಟ್ಟಿಗಿಂತ ಜಾಸ್ತಿ ತಡೆ ಕಾಣುತ್ತದೆ, ಶಕ್ತಿ ಪೂರ್ತಿ ಹೊರಗೆ ಬರುವುದಿಲ್ಲ. ಒಂದು ಇಎಲ್ 84 ಕೊಡುವುದೇ ಹೆಚ್ಚೆಂದರೆ 5 ವಾಟ್ ಆಸುಪಾಸು. ಹಳೇ ಕಾಗದದ ಸ್ಪೀಕರ್‌ಗೆ ಅಷ್ಟು ಸಾಕೋ ಸಾಕು. ಅದಕ್ಕಿಂತ 6 ಡೆಸಿಬಲ್ ಕಮ್ಮಿ ಕೂಗುವ ಹೊಸ ರಬ್ಬರ್ ಅಂಚಿನದಕ್ಕೆ ಅದೇ ಜೋರು ಬರಬೇಕಾದರೆ ನಾಲ್ಕು ಪಟ್ಟು ಶಕ್ತಿ ಬೇಕು. ಎಲ್ಲಿಂದ ತರೋದು? ಹಾಕಲೇಬೇಕು ಅಂತಾದರೆ ಇನ್ನೊಂದು ಹಾಳಾದ ವಾಲ್ವ್ ಸೆಟ್‌ನಿಂದ, ಅಷ್ಟೇ ಓಮ್ ಇರುವ ಸ್ಪೀಕರನ್ನು ಬಿಚ್ಚಿ ತನ್ನಿ.

ನಮ್ಮ ಮನೆಯದಕ್ಕೆ ಆ ಹಿರಿಯರೇ ತಮ್ಮ ಅಟ್ಟದಿಂದ ಒಂದು 3 ಓಮ್‌ನದು ಹುಡುಕಿಕೊಟ್ಟರು, 8 ಇಂಚಿನದು. ಬಡಗಿ ಕೊರೆದ ತೂತಿಗೆ ಅದು ಕೂತಿತು. ಪಿಟೀಲು ಮತ್ತೆ ಕೇಳಿಸಿತು. ಆದರೆ ಕೆಳಗಿನ ಸ್ಥಾಯಿಯಲ್ಲಿ ಮೊದಲಿನ ತುಂಬು ದನಿ ಇಲ್ಲ ಅಂತ ಅಪ್ಪ ಒಂದೇ ಸಲ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ.

ಗ್ರಿಡ್ ಅಳೆಯುವಾಗ ಸೆಟ್ ಆನ್ ಇರಬೇಕು, ಒಳಗೆ 250 ವೋಲ್ಟ್ ದಾಟಿ ಇರುತ್ತದೆ. ಕೆಲವು ಸೆಟ್‌ಗಳಲ್ಲಿ ಚಾಸಿಯೇ ಶಾಕ್ ಹೊಡೆಯುತ್ತದೆ. ಆಫ್ ಮಾಡಿದ ಮೇಲೂ ದೊಡ್ಡ ಕಂಡೆನ್ಸರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ನಿಮಗೆ ಅಭ್ಯಾಸ ಇಲ್ಲದಿದ್ದರೆ ವಾಲ್ವ್ ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಎಷ್ಟು ವೋಲ್ಟ್ ಬಂತು ಅಂತ ಇಲ್ಲಿ ಬರೆಯಿರಿ. ಅಲ್ಲೀವರೆಗೂ ಸ್ಪೀಕರ್‌ನ ಸ್ಕ್ರೂ ಮುಟ್ಟಬೇಡಿ, ಅಂಗಡಿಯವರಿಗೂ ಮುಟ್ಟಲು ಬಿಡಬೇಡಿ.