ಎಲ್ಲ ಆಟೊಮ್ಯಾಟಿಕ್ ಆದ ಮೇಲೂ ಯುದ್ಧನೌಕೆಗೆ ಇಷ್ಟೊಂದು ಜನ ಯಾಕೆ?

ಇನ್ನೂ ಕಟ್ಟದ ಹಡಗಿಗೆ ಎಷ್ಟು ಜನ ಬೇಕು ಅಂತ ಹೇಗೆ ಲೆಕ್ಕ ಹಾಕುತ್ತಾರೆ, ಎಲ್ಲ ಕಂಪ್ಯೂಟರೇ ನೋಡಿಕೊಂಡರೆ 50 ಜನ ಸಾಲದಾ ಅಂತ ಕೇಳಿದ್ದೀರಿ. ಇಲ್ಲಿ ಹಾಸನದಲ್ಲಿ ನೇವಿಗೆ ಸೇರಲು ಓದುತ್ತಿರುವ ಹುಡುಗರೂ ಇದನ್ನೇ ಕೇಳುತ್ತಾರೆ. ನಾನು ಇಂಜಿನ್ ರೂಮಿನಲ್ಲಿ ದುಡಿದು ರಿಟೈರ್ ಆದವನು.

ಲೆಕ್ಕ ಶುರುವಾಗುವುದು ವಾಚ್‌ನಿಂದ, ಅಂದರೆ ಸರದಿ ಪ್ರಕಾರ ಮಾಡುವ ಪಾಳಿ ಕೆಲಸದಿಂದ. ಬ್ರಿಜ್ (ಹಡಗು ನಡೆಸುವ ಕೋಣೆ), ರೇಡಾರ್, ಇಂಜಿನ್ ಕಂಟ್ರೋಲ್ ಹೀಗೆ ಹಗಲೂ ರಾತ್ರಿ ಖಾಲಿ ಬಿಡುವಂತಿಲ್ಲದ ಜಾಗಗಳನ್ನು ಮೊದಲು ಎಣಿಸುತ್ತಾರೆ. ವಾರಕ್ಕೆ 168 ಗಂಟೆ. 4 ಗಂಟೆ ವಾಚ್, 8 ಗಂಟೆ ಬಿಡುವು ಅಂದರೆ ಒಬ್ಬನ ಪಾಲಿಗೆ 56 ಗಂಟೆ. ಅಲ್ಲಿಗೆ ಒಂದು ಜಾಗಕ್ಕೆ 3 ಜನ. ಬಿಡುವು ಅನ್ನೋದು ಹೆಸರಿಗಷ್ಟೇ ಬಿಡಿ. ಪಂಪ್ ಬಿಚ್ಚಿ ಸೀಲ್ ಬದಲಿಸುವುದು, ತುಕ್ಕು ಕೆರೆದು ಪೇಂಟ್ ಹೊಡೆಯುವುದು ಎಲ್ಲ ಅದರಲ್ಲೇ. ಆ ಗಂಟೆಗಳನ್ನೂ ಕೂಡಿಸಬೇಕು. ಆಮೇಲೆ ಅಡುಗೆ, ಸ್ಟೋರ್, ಹೆಲಿಕಾಪ್ಟರ್ ಇದ್ದರೆ ಅದರವರು.

ಆಟೊಮೇಷನ್ ಬಂದರೆ ವಾಚ್‌ನ ಜಾಗಗಳು ಕಡಿಮೆಯಾಗುತ್ತವೆ, ನಿಜ. ಆದರೆ ಹಡಗಿಗೆ ಪೆಟ್ಟು ಬಿದ್ದ ದಿನ ಏನು ಮಾಡುತ್ತೀರಿ? 1988ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಅನ್ನೋ ಯುದ್ಧನೌಕೆ ಮೈನ್‌ಗೆ, ಅಂದರೆ ನೀರಿನಲ್ಲಿ ಇಟ್ಟಿದ್ದ ಸಿಡಿಗುಂಡಿಗೆ ಸಿಕ್ಕಿತು. ಹಡಗಿನ ಬೆನ್ನುಮೂಳೆಯೇ ಮುರಿಯಿತು. ಇಂಜಿನ್ ರೂಮಿಗೆ ನೀರು ನುಗ್ಗಿತು, ಬೆಂಕಿ ಬೇರೆ. ಒಂದು ಗುಂಪು ಹೋಸ್ ಹಿಡಿದರೆ ಇನ್ನೊಂದು ನೀರು ತಡೆಯಿತು, ಬಿರುಕು ಬಿಟ್ಟ ಮೇಲ್ಭಾಗವನ್ನು ಉಕ್ಕಿನ ಹಗ್ಗದಿಂದ ಎಳೆದು ಬಿಗಿದರು. ಹಡಗು ಉಳಿಯಿತು, ಒಬ್ಬರೂ ಸಾಯಲಿಲ್ಲ. ಹೊಗೆಯಲ್ಲಿ ಮಾಸ್ಕ್ ಹಾಕಿಕೊಂಡು ಹೋಸ್ ಹಿಡಿದವನ ಸಿಲಿಂಡರ್ ಗಾಳಿ ಬೇಗ ಮುಗಿಯುತ್ತದೆ, ಬದಲಿ ಆಳು ರೆಡಿ ಇರಲೇಬೇಕು. ಸಕಲೇಶಪುರದ ತೋಟದವರು ಕಾಫಿ ಕೊಯ್ಲಿಗೆ ಹೊರಗಿನಿಂದ ಆಳು ಕರೆಸುತ್ತಾರೆ. ನಡುಸಮುದ್ರದಲ್ಲಿ ಯಾರನ್ನು ಕರೆಸೋದು?

ಹಾಗಾಗಿ ನನ್ನ ಪ್ರಕಾರ, ಹಡಗು ಓಡಿಸಲು ಎಷ್ಟು ಜನ ಬೇಕು ಅನ್ನೋದಕ್ಕಿಂತ ಅದನ್ನು ಉಳಿಸಿಕೊಳ್ಳಲು ಎಷ್ಟು ಜನ ಬೇಕು ಅನ್ನೋದೇ ದೊಡ್ಡ ಲೆಕ್ಕ.

ಸಂಬಳ, ಪಿಂಚಣಿ, ಊಟದ ಖರ್ಚು ನೋಡಿ ಸರ್ಕಾರಗಳು ಜನ ಕಡಿಮೆ ಮಾಡಲು ನೋಡುವುದು ಸಹಜವೇ. ಅಮೆರಿಕದವರು ಲಿಟೊರಲ್ ಕಾಂಬ್ಯಾಟ್ ಶಿಪ್ ಅನ್ನೋ, ತೀರದ ಹತ್ತಿರ ಕಾದಾಡುವ ಸಣ್ಣ ಯುದ್ಧನೌಕೆಗೆ ಮೂಲ ಸಿಬ್ಬಂದಿ (ಹೆಲಿಕಾಪ್ಟರ್ ಮತ್ತು ವಿಶೇಷ ಕೆಲಸದ ತಂಡಗಳನ್ನು ಬಿಟ್ಟು) 40 ಸಾಕು ಅಂದಿದ್ದರು. ಹಡಗು ಸಮುದ್ರಕ್ಕಿಳಿದ ಮೇಲೆ ನಿದ್ದೆಗೆಟ್ಟು ದುಡಿದರೂ ಕೆಲಸ ಮುಗಿಯಲಿಲ್ಲ. 50ಕ್ಕೆ ಏರಿಸಿದರು, ಮಲಗಲು ಹೆಚ್ಚುವರಿ ಬಂಕ್ (ಒಂದರ ಮೇಲೊಂದು ಇರುವ ಮಂಚ) ಕೂರಿಸಿದರು. ಕಟ್ಟಿದ ಹಡಗಿನಲ್ಲಿ ಇದು ಸುಮ್ನೆ ಆಗೋ ಕೆಲಸ ಅಲ್ಲ. ಒಂದು ಬಂಕ್ ಜಾಸ್ತಿ ಅಂದರೆ ನೀರು, ಟಾಯ್ಲೆಟ್, ಲೈಫ್‌ರಾಫ್ಟ್ ಎಲ್ಲ ಜಾಸ್ತಿ. ನಕ್ಷೆ ಹಾಕುವಾಗಲೇ ಒಂದಿಪ್ಪತ್ತು ಬಂಕ್‌ಗೆ ಜಾಗ ಬಿಡಿ ಅಂತ ನಾನಾದರೆ ಹೇಳುತ್ತಿದ್ದೆ.