ಬ್ರೇಕ್ ಎರಡೂ ಬಿಟ್ಟರೆ ಬಲ ಇಮ್ಮಡಿಯೇ?

ಪ್ರಶ್ನೆ: ಅಪ್ಪನಿಗೆ ನಾಲ್ಕನೇ ಹಂತದ ಹೊಟ್ಟೆ ಕ್ಯಾನ್ಸರ್. ಕೀಮೋ ಬದಲು ಎರಡು ಇಮ್ಯುನೊಥೆರಪಿ ಔಷಧಿ ಒಟ್ಟಿಗೆ ಕೊಡಿಸಿದರೆ ಬೇಗ ಗುಣವಂತೆ. ಜಮೀನು ಮಾರಲೇ?
– ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಕೊನೆಯ ಸಾಲು ಓದಿದ ಮೇಲೆ ನಿಮ್ಮ ಪತ್ರವನ್ನು ಬದಿಗಿಡಲು ಆಗಲಿಲ್ಲ. ದಯವಿಟ್ಟು ಈಗಲೇ ಮಾರಬೇಡಿ.

ಕ್ಯಾನ್ಸರ್ ವಿರುದ್ಧ ಹೋರಾಡುವ ನಮ್ಮ ಟಿ ಕೋಶಗಳಿಗೆ (ಒಂದು ಬಗೆಯ ಬಿಳಿ ರಕ್ತಕಣಗಳು) ಬ್ರೇಕ್‌ಗಳಿವೆ; ನೀವು ಕೇಳಿದ ಇಮ್ಯುನೊಥೆರಪಿ ಔಷಧಿಗಳು ಅವನ್ನು ಸಡಿಲಿಸುತ್ತವೆ. ಪಿಡಿ-1 ಎಂಬುದನ್ನು ನಿವೊಲುಮ್ಯಾಬ್ ಸಡಿಲಿಸುತ್ತದೆ, ಸಿಟಿಎಲ್‌ಎ-4 ಎಂಬುದನ್ನು ಇಪಿಲಿಮುಮ್ಯಾಬ್. ಈ ದಾರಿ ತೆರೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಎರಡನ್ನೂ ಒಟ್ಟಿಗೆ ಬಿಟ್ಟರೆ ಇನ್ನೂ ಒಳ್ಳೆಯದೆಂದು ವೈದ್ಯರೂ ಆಸೆಪಟ್ಟಿದ್ದರು. ಚರ್ಮದ ಮೆಲನೋಮಾದಲ್ಲಿ ಆ ಆಸೆ ಫಲಿಸಿತ್ತು ಕೂಡ.

ಹೊಟ್ಟೆಯಲ್ಲಿ ಹಾಗಾಗಲಿಲ್ಲ. ಚೆಕ್‌ಮೇಟ್ 649 ಎಂಬ ದೊಡ್ಡ ಚಿಕಿತ್ಸಾ ಪರೀಕ್ಷೆಯಲ್ಲಿ (ಕ್ಲಿನಿಕಲ್ ಟ್ರಯಲ್) ಒಂದು ಗುಂಪಿಗೆ ಕೀಮೋ, ಇನ್ನೊಂದಕ್ಕೆ ಕೀಮೋ ಜೊತೆ ನಿವೊಲುಮ್ಯಾಬ್, ಮತ್ತೊಂದಕ್ಕೆ ಕೀಮೋ ಇಲ್ಲದೆ ನೀವು ಕೇಳಿದ ಜೋಡಿ. ಜೋಡಿ ಪಡೆದವರಲ್ಲಿ ಆರಂಭದ ಸಾವು, ಅಡ್ಡಪರಿಣಾಮ ಹೆಚ್ಚಾಗಿ 2018ರ ಜೂನ್‌ನಲ್ಲಿ ಆ ಗುಂಪಿಗೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿದರು. ಪಿಡಿ-1 ಬ್ರೇಕ್ ಒತ್ತುವ ಪ್ರೋಟೀನ್ ಗಡ್ಡೆಯಲ್ಲಿ ಎಷ್ಟಿದೆ ಎಂದು ತೋರಿಸುವ ಪಿಡಿ-ಎಲ್1 ಅಂಕ 5 ಅಥವಾ ಹೆಚ್ಚಿದ್ದವರಲ್ಲಿ ಜೋಡಿ ಪಡೆದವರ ಬದುಕಿನ ಮಧ್ಯಮಾಂಕ 11.2 ತಿಂಗಳು, ಅದೇ ಅವಧಿಯಲ್ಲಿ ಸೇರಿದ ಕೀಮೋದವರದು 11.6. ಅಂಥದೇ ರೋಗಿಗಳಲ್ಲಿ ಕೀಮೋಗೆ ನಿವೊಲುಮ್ಯಾಬ್ ಸೇರಿಸಿದಾಗ 14.4 ತಿಂಗಳು, ಬರೀ ಕೀಮೋಗೆ 11.1. ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಬದುಕಿದ್ದಾರೆ ಎಂಬುದನ್ನೂ ಮರೆಯಬೇಡಿ. ಹಾಗಾಗಿ ಕೀಮೋ ಬಿಡಿಸುವ ಮಾತು ಬೇಡ.

ಒಂದು ಚಿಕ್ಕ ಗುಂಪು ಮಾತ್ರ ಬೇರೆ: ಎಂಎಸ್‌ಐ-ಹೈ ಗಡ್ಡೆ, ಅಂದರೆ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆ ಇರುವವರು. ಇಮ್ಯುನೊಥೆರಪಿಗೆ ಅವರು ಚೆನ್ನಾಗಿ ಸ್ಪಂದಿಸುತ್ತಾರೆ, ಚೆಕ್‌ಮೇಟ್ 649ರಲ್ಲಿ ಜೋಡಿಯೂ ಅವರಿಗೆ ನೆರವಾಗಿತ್ತು. ಅಪ್ಪ ಅವರಲ್ಲೊಬ್ಬರೇ ಎಂದು ಹೇಳಬೇಕಾದದ್ದು ಪ್ರಯೋಗಾಲಯ. ಪಿಡಿ-ಎಲ್1, ಎಂಎಸ್‌ಐ, ಹರ್2 ಮೂರನ್ನೂ ನೋಡಿದ್ದಾರೆಯೇ ಎಂದು ನಾಳೆಯೇ ಡಾಕ್ಟರನ್ನು ಕೇಳಿ. ಹರ್2 ಗಡ್ಡೆ ಬೆಳೆಯಲು ನೆರವಾಗುವ ಪ್ರೋಟೀನ್; ಅದು ಪಾಸಿಟಿವ್ ಬಂದರೆ ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧಿಯ ದಾರಿಯೇ ಬೇರೆ.

ಯಾರಾದರೂ ಕ್ಲಿನಿಕಲ್ ಟ್ರಯಲ್‌ಗೆ ಕರೆದರೆ ಹೆದರಬೇಡಿ, ಸುಮ್ಮನೆ ಸಹಿಯನ್ನೂ ಹಾಕಬೇಡಿ. ಅದು ಭಾರತದ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್‌ಗಳ ರಾಷ್ಟ್ರೀಯ ದಾಖಲೆ) ನೋಂದಣಿಯಲ್ಲಿ ಇರಲೇಬೇಕು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ 2019ರ ನಿಯಮಗಳಲ್ಲೇ ಇವೆ. ಇಮ್ಯುನೊಥೆರಪಿ ಶುರುವಾದ ಮೇಲೆ ಭೇದಿಯೋ ಉಸಿರಾಟದ ತೊಂದರೆಯೋ ಕಂಡರೆ ಅಂಗಡಿ ಮಾತ್ರೆ ಬೇಡ, ಆಸ್ಪತ್ರೆಗೆ ಓಡಿ; ಬ್ರೇಕ್ ಸಡಿಲಾದ ಕೋಶಗಳು ಕರುಳನ್ನೂ ಶ್ವಾಸಕೋಶವನ್ನೂ ಕೆಣಕಬಲ್ಲವು.

ಅಪ್ಪನ ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಇಟ್ಟ ಗಡ್ಡೆಯ ಚೂರು) ಲ್ಯಾಬ್‌ನಲ್ಲಿ ಇರುತ್ತದೆ. ಸಾಮಾನ್ಯವಾಗಿ ಅದರಲ್ಲೇ ಈ ಪರೀಕ್ಷೆಗಳಾಗುತ್ತವೆ, ಅವರನ್ನು ಮತ್ತೆ ಎಂಡೋಸ್ಕೋಪಿಗೆ ಮಲಗಿಸಬೇಕಾಗಿ ಬರದು. ಫಲಿತಾಂಶ ಬಂದ ಮೇಲೆ ನನಗೆ ಬರೆಯಿರಿ.