ಸಿಟಿ ಬಗ್ಗೆ ಓದಿದರೆ ಸಂಬಳ ಎಷ್ಟು ಬರ್ತದೆ?

ಪ್ರ: ಅಕ್ಕಾ, ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಶಾಲೆ ಎಲ್ಲ ಕನ್ನಡ ಮೀಡಿಯಂ, ಈಗ ಬಿ.ಎ. ಇಕನಾಮಿಕ್ಸ್ ಕೊನೆಯ ವರ್ಷ. ಅರ್ಬನ್ ಸ್ಟಡೀಸ್‌ನಲ್ಲಿ ಎಂ.ಎ. ಮಾಡಬೇಕು ಅಂತ ತುಂಬಾ ಆಸೆ. ದೂರದ ಒಂದು ಖಾಸಗಿ ಯೂನಿವರ್ಸಿಟಿಯಲ್ಲಿ ಹಾಸ್ಟೆಲ್ ಸೇರಿ ಎರಡು ವರ್ಷಕ್ಕೆ ಹತ್ತು ಲಕ್ಷ ಆಗ್ತದೆ. ಅಪ್ಪ "ಬಿ.ಎಡ್. ಮಾಡು, ಊರಲ್ಲೇ ಟೀಚರ್ ಆಗಬಹುದು" ಅಂತಾರೆ. ಸಾಲ ಮಾಡಿ ಹೋದರೆ ಆ ದುಡ್ಡು ವಾಪಸ್ ಬರ್ತದಾ?
– ಹೆಸರು ಬೇಡ, ಬದಿಯಡ್ಕ

ಉ: ಹತ್ತು ಲಕ್ಷ ಸಾಲ ಮಾಡಿ ಈ ಎಂ.ಎ.ಗೆ ಹೋಗಬೇಡ ತಂಗಿ. ಆಸೆ ಬಿಡು ಅಂತ ಹೇಳ್ತಾ ಇಲ್ಲ, ದಾರಿ ಬದಲಿಸು ಅಂತ.

ಮೊದಲು ಲೆಕ್ಕ ನೋಡು. ವರ್ಷಕ್ಕೆ 5 ಲಕ್ಷದಂತೆ ಸಾಲ, ಬಡ್ಡಿ ಶೇ. 10 ಅಂತಿಟ್ಟುಕೋ. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಬ್ಯಾಂಕ್ ಕಂತು ಕೇಳುವುದಿಲ್ಲ, ಆದರೆ ಬಡ್ಡಿ ಓಡ್ತಾನೇ ಇರ್ತದೆ. ಕಂತು ಶುರುವಾಗುವಾಗ ಸಾಲ ಸುಮಾರು 12.5 ಲಕ್ಷ ಆಗಿರ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಹದಿನಾರೂವರೆ ಸಾವಿರ. ಎನ್‌ಜಿಒ ಅಥವಾ ಸಂಶೋಧನೆಯ ಪ್ರಾಜೆಕ್ಟ್‌ನಲ್ಲಿ ಮೊದಲ ಸಂಬಳ 35 ಸಾವಿರ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು, ಕಂತು ಕಟ್ಟಿ, ಊರಿಗೆ ಬರುವ ಬಸ್ ಚಾರ್ಜ್ ತೆಗೆದರೆ ಉಳಿಯುವುದೇನು? ಅಂಥ ಪ್ರಾಜೆಕ್ಟ್‌ಗಳು ಜಾಸ್ತಿ ಕಾಂಟ್ರಾಕ್ಟ್ ಕೆಲಸ ಬೇರೆ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಿತು, ಕಂತು ಮಾತ್ರ ಮುಗಿಯುವುದಿಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಅರ್ಬನ್ ಸ್ಟಡೀಸ್ ಬೇರೆ, ಅರ್ಬನ್ ಪ್ಲಾನಿಂಗ್ ಬೇರೆ. ಮೊದಲನೆಯದರಲ್ಲಿ ನಗರದ ಸಮಾಜ, ಆರ್ಥಿಕತೆ, ಚರಿತ್ರೆ, ಆಡಳಿತ ಓದ್ತೀರಿ. ಒಳ್ಳೆಯ ಓದು, ನನಗೂ ಇಷ್ಟ. ಎರಡನೆಯದು ಎಂ.ಪ್ಲಾನ್, ಅಂದರೆ ಮಾಸ್ಟರ್ ಆಫ್ ಪ್ಲಾನಿಂಗ್. ಊರು ಹೇಗೆ ಬೆಳೆಯಬೇಕು ಅನ್ನುವ ಮಾಸ್ಟರ್ ಪ್ಲಾನ್ ಮಾಡುವುದು, ಜಾಗದ ಬಳಕೆ ಗುರುತಿಸುವುದು, ಸಾರಿಗೆ ಲೆಕ್ಕ ಹಾಕುವುದು. ಸರ್ಕಾರದ ಟೌನ್ ಪ್ಲಾನರ್ ಹುದ್ದೆಯ ಅರ್ಜಿಯಲ್ಲಿ ಹೆಚ್ಚಾಗಿ ಕೇಳುವುದು ಈ ಎರಡನೆಯ ಸರ್ಟಿಫಿಕೇಟು. ಮೊದಲನೆಯದನ್ನು ಇಟ್ಟುಕೊಂಡು ಅಲ್ಲಿ ಹೋದರೆ ಅರ್ಜಿ ನಿಲ್ಲುವುದು ಕಷ್ಟ.

ಹಾಗಂತ ಪ್ಲಾನಿಂಗ್ ಓದಿದವರಿಗೆಲ್ಲ ಕೆಲಸ ಕಾದು ಕೂತಿದೆಯಾ ಅಂದರೆ ಅದೂ ಇಲ್ಲ. 2021ರಲ್ಲಿ ನೀತಿ ಆಯೋಗ ಒಂದು ವರದಿ ಕೊಟ್ಟಿತ್ತು. ದೇಶದ ರಾಜ್ಯಗಳ ಟೌನ್ ಪ್ಲಾನಿಂಗ್ ಇಲಾಖೆಗಳಿಗೆ 12 ಸಾವಿರಕ್ಕೂ ಜಾಸ್ತಿ ಪ್ಲಾನರ್‌ಗಳು ಬೇಕು, ಮಂಜೂರಾದ ಹುದ್ದೆ 4 ಸಾವಿರಕ್ಕೂ ಕಮ್ಮಿ, ಅದರಲ್ಲೂ ಅರ್ಧ ಖಾಲಿ. ದೇಶದ 7,933 ಪಟ್ಟಣ-ನಗರಗಳಲ್ಲಿ ಶೇ. 65ಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ಅಂದರೆ ಕೆಲಸ ಬೇಕಾದಷ್ಟು ಉಂಟು, ಹುದ್ದೆ ಇಲ್ಲ. ಕಾಲೇಜಿನವರು ಬ್ರೋಷರ್‌ನಲ್ಲಿ ಮೊದಲ ಅರ್ಧ ಮಾತ್ರ ಹಾಕ್ತಾರೆ.

ನಮ್ಮ ರಾಜ್ಯ, ನಮ್ಮ ಜಿಲ್ಲೆಯನ್ನೇ ನೋಡು. 2011ರ ಜನಗಣತಿ ಪ್ರಕಾರ ಕೇರಳದ ಶೇ. 47.7 ಜನ ನಗರವಾಸಿಗಳು. ಆದರೆ ಅವತ್ತಿನ 520 ಪಟ್ಟಣಗಳಲ್ಲಿ 461 'ಸೆನ್ಸಸ್ ಟೌನ್', ಅಂದರೆ ಗಣತಿಗೆ ಪಟ್ಟಣ, ಆಡಳಿತಕ್ಕೆ ಪಂಚಾಯತ್. ಕಾಸರಗೋಡು ಜಿಲ್ಲೆಯಲ್ಲಿ ನಗರಸಭೆ ಇರುವುದು ಕಾಸರಗೋಡು, ಕಾಞಂಗಾಡ್, ನೀಲೇಶ್ವರ, ಮೂರೇ. ಉಪ್ಪಳದಲ್ಲಿ ಎಷ್ಟು ಫ್ಲಾಟ್ ಎದ್ದರೂ ಅದು ಮಂಗಲ್ಪಾಡಿ ಪಂಚಾಯತ್‌ನೊಳಗೇ. ಹೈವೇ ಅಗಲ ಆದಷ್ಟು ಪ್ಲಾನರ್ ಹುದ್ದೆ ಹೆಚ್ಚುವುದಿಲ್ಲ.

ಹಾಗಾದರೆ ನೀನು ಏನು ಮಾಡಬಹುದು? ಬಿ.ಎ. ಮಾತ್ರ ಇದ್ದರೆ ಎಂ.ಪ್ಲಾನ್‌ಗೆ ನೇರ ಸೇರಲು ಆಗುವುದಿಲ್ಲ. ಆದರೆ ಇಕನಾಮಿಕ್ಸ್, ಜಿಯಾಗ್ರಫಿ, ಸೋಶಿಯಾಲಜಿಯಲ್ಲಿ ಎಂ.ಎ. ಇದ್ದವರನ್ನು ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಂಥ ಕಡೆ ತೆಗೆದುಕೊಳ್ತಾರೆ. ನಮ್ಮ ಜಿಲ್ಲೆಯ ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಇಕನಾಮಿಕ್ಸ್ ಇದೆ, ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಸೀಟು. ಫೀಸು ಖಾಸಗಿಯ ಹತ್ತಿರಕ್ಕೂ ಬರುವುದಿಲ್ಲ, ಶನಿವಾರ ಮನೆಗೂ ಬರಬಹುದು. ಆ ಎರಡು ವರ್ಷದಲ್ಲಿ ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರ್ ಕಲಿ, ಅದು ಪುಕ್ಕಟೆ. ಆಮೇಲೆ ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಸರ್ಕಾರಿ ಸಂಸ್ಥೆಯಲ್ಲಿ ಎಂ.ಪ್ಲಾನ್ ಮಾಡು. ಯಾವ ಪೇಪರ್‌ನ ಅಂಕ ಒಪ್ಪುತ್ತಾರೆ ಅಂತ ಆಯಾ ಸಂಸ್ಥೆಯ ಪ್ರಾಸ್ಪೆಕ್ಟಸ್ ನೋಡಿಯೇ ಗೇಟ್ ಅರ್ಜಿ ತುಂಬು. ಅಷ್ಟರಲ್ಲಿ ಮನಸ್ಸು ಬದಲಾದರೂ ಕೈಯಲ್ಲಿ ಇಕನಾಮಿಕ್ಸ್ ಎಂ.ಎ. ಇರ್ತದೆ, ಬ್ಯಾಂಕು, ಕಾಲೇಜು, ಪಿಎಸ್‌ಸಿ (ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಆಯೋಗ) ಎಲ್ಲಕ್ಕೂ ಆಗ್ತದೆ.

ಅಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡ. ಆದರೆ ಬಿ.ಎಡ್. ಅಂದರೆ ಕೆಲಸ ಅಂತಲೂ ಅಲ್ಲ ಅಂತ ಅವರಿಗೆ ಹೇಳು. ಕೆ-ಟೆಟ್ ಅನ್ನುವ ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು, ಪಿಎಸ್‌ಸಿ ಕರೆಯಬೇಕು, ರ್‍ಯಾಂಕ್ ಲಿಸ್ಟ್ ಕಾಯಬೇಕು. ಅದರ ನಿಜವಾದ ಲಾಭ ಒಂದೇ, ಖರ್ಚು ಕಮ್ಮಿ.

ಪ್ರ: ನಾನು ಉಪ್ಪಳದವನು. ಮಗನದ್ದು ಪ್ಲಸ್ ಟು ಸಯನ್ಸ್ ಆಯಿತು, ಮ್ಯಾತ್ಸ್‌ನಲ್ಲಿ ಅಡ್ಡಿಯಿಲ್ಲ. ಅಮೆರಿಕದಲ್ಲಿ ಬಿ.ಎ. ಅರ್ಬನ್ ಸ್ಟಡೀಸ್ ಮಾಡ್ತೇನೆ ಅಂತಾನೆ. ದುಬೈಯಲ್ಲಿರುವ ಬಾವ ಸ್ವಲ್ಪ ಸಹಾಯ ಮಾಡ್ತೇನೆ ಅಂದಿದ್ದಾರೆ. ಅಲ್ಲಿ ಸಂಬಳ ಜಾಸ್ತಿ ಅಂತೆ, ಹೌದಾ?
– ಒಬ್ಬ ತಂದೆ, ಉಪ್ಪಳ

ಉ: ಸಂಬಳ ಜಾಸ್ತಿ ಹೌದು, ಆದರೆ ಯಾರ ಸಂಬಳ ಅಂತ ಕೇಳಬೇಕು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರಕಾರ 2023ರಲ್ಲಿ ಅಲ್ಲಿನ ಅರ್ಬನ್ ಪ್ಲಾನರ್‌ಗಳ ನಡುಮಟ್ಟದ ಸಂಬಳ ವರ್ಷಕ್ಕೆ 81,800 ಡಾಲರ್. ಅದೇ ಇಲಾಖೆ, ಈ ಕೆಲಸಕ್ಕೆ ಸೇರಲು ಸಾಮಾನ್ಯವಾಗಿ ಮಾಸ್ಟರ್ಸ್ ಬೇಕು ಅಂತಲೂ ಹೇಳ್ತದೆ. ನಿಮ್ಮ ಮಗ ಮಾಡುವುದು ಬಿ.ಎ. ಅದು ಮುಗಿದ ಮೇಲೆ ಕೆಲಸ ಮಾಡಲು ಸಿಗುವುದು ಒಂದು ವರ್ಷದ ಅನುಮತಿ. ಕೋರ್ಸ್ ಅವರ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ ಮತ್ತೆ 24 ತಿಂಗಳು. ಏಜೆಂಟ್ ಬಾಯಿಮಾತಿಗೆ ಒಪ್ಪಬೇಡಿ, ಕೋರ್ಸ್ ಕೋಡ್ ಬರೆದು ಕೊಡಲು ಹೇಳಿ.

ಮ್ಯಾತ್ಸ್ ಇದೆಯಲ್ವಾ, ಹಾಗಾದರೆ ಇಲ್ಲೇ ಬಿ.ಪ್ಲಾನ್, ಅಂದರೆ ಪ್ಲಾನಿಂಗ್ ಡಿಗ್ರಿ ನೋಡಿ. ನಾಲ್ಕು ವರ್ಷದ ಕೋರ್ಸ್. ಜೆಇಇ ಮೇನ್ ಪೇಪರ್ 2ಬಿ ಬರೆಯಬೇಕು. ದೆಹಲಿ, ಭೋಪಾಲ್, ವಿಜಯವಾಡದ ಸರ್ಕಾರಿ ಸಂಸ್ಥೆಗಳಲ್ಲಿ ಸೀಟು ಇದೆ. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು, ಆದರೆ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಹಾಗಾಗಿ ಕನ್ನಡ ಬೇಕಾದರೆ ಅರ್ಜಿ ತುಂಬುವಾಗ ಮಂಗಳೂರು ಆಯ್ಕೆ ಮಾಡಿ. ಬಾವನ ದುಡ್ಡು ಮಾಸ್ಟರ್ಸ್‌ಗೆ ಇರಲಿ. ಆಗ ಹುಡುಗನಿಗೂ ಕೆಲಸದ ಅನುಭವ ಇರ್ತದೆ, ಹೊರಗೆ ಹೋದರೂ ಬೆಲೆ ಇರ್ತದೆ.

ಪ್ರ: ನಾನು ಈ ಅರ್ಬನ್ ಸ್ಟಡೀಸ್ ಎಂ.ಎ. ಈಗಾಗಲೇ ಮಾಡಿ ಮುಗಿಸಿದ್ದೇನೆ! ಒಂದು ವರ್ಷದಿಂದ ಮಂಜೇಶ್ವರದಲ್ಲಿ ಮನೆಯಲ್ಲೇ ಇದ್ದೇನೆ. ಇನ್ನೇನು ಮಾಡಲಿ?
– ಮಂಜೇಶ್ವರದ ಓದುಗ

ಉ: ಮೊದಲು 'ಟುಲಿಪ್' ನೋಡಿ. ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಇಂಟರ್ನ್‌ಶಿಪ್, ನಗರಸಭೆ-ಪಾಲಿಕೆಗಳಲ್ಲಿ ಕೆಲಸ. ಕಾಲೇಜು ಮುಗಿದು 18 ತಿಂಗಳ ಒಳಗಿರಬೇಕು, ಅಂದರೆ ನಿಮಗೆ ಹೆಚ್ಚು ಟೈಮ್ ಇಲ್ಲ. ಸ್ಟೈಪೆಂಡ್ ಎಷ್ಟೇ ಇರಲಿ, ರೆಸ್ಯೂಮೆಯಲ್ಲಿ ಒಂದು ಕಚೇರಿಯ ಹೆಸರು ಬರ್ತದೆ.

ಇನ್ನೊಂದು, ಮಂಜೇಶ್ವರದವರು ಅಂದ ಮೇಲೆ ನಿಮಗೆ ಕನ್ನಡ ಓದಲು ಬರೆಯಲು ಬರ್ತದೆ, ಮಲಯಾಳವೂ ಬರ್ತದೆ, ತುಳು ಮಾತಾಡ್ತೀರಿ. ಮಂಗಳೂರಿನಿಂದ ಕಣ್ಣೂರಿನವರೆಗೆ ಸರ್ವೆ ಮಾಡಿಸುವ ಕನ್ಸಲ್ಟೆನ್ಸಿಗಳಿಗೆ ಇಂಥವರು ಸುಲಭಕ್ಕೆ ಸಿಗುವುದಿಲ್ಲ. ಅರ್ಜಿಯ ಮೊದಲ ಸಾಲಿನಲ್ಲೇ ಇದನ್ನು ಬರೆಯಿರಿ, ಎಂ.ಎ. ಹೆಸರು ಕೆಳಗೆ ಬಂದರೂ ಪರವಾಗಿಲ್ಲ. ಜೊತೆಗೆ ಪಿಎಸ್‌ಸಿ ಕಾಸರಗೋಡು ಜಿಲ್ಲೆಗೆ ಕರೆಯುವ ಕನ್ನಡ-ಮಲಯಾಳ ಬಲ್ಲ ಎಲ್‌ಡಿ ಕ್ಲರ್ಕ್ ಹುದ್ದೆಗೂ ಅರ್ಜಿ ಹಾಕಿಡಿ. ಎಂ.ಎ. ಮಾಡಿ ಕ್ಲರ್ಕಾ ಅಂತ ಮೂಗು ಮುರಿಯುವ ನೆಂಟರು ನಿಮ್ಮ ಕಂತು ಕಟ್ಟುವುದಿಲ್ಲ.